ಗಾಳಿ ಇದೆಯಲ್ಲ, ಮತ್ತೆ ಯಾಕೆ ಕಾಯಬೇಕು?

ಪ್ರಶ್ನೆ: ಹ್ಯಾಂಗ್ ಗ್ಲೈಡಿಂಗ್ (ಎಂಜಿನ್ ಇಲ್ಲದ ದೊಡ್ಡ ರೆಕ್ಕೆಗೆ ಜೋತುಬಿದ್ದು ಹಾರುವುದು) ಕಲಿಯಲು ಸೇರಿ ಕೆಲವು ತಿಂಗಳಾಯಿತು. ಚಿಕ್ಕ ದಿಬ್ಬದಿಂದ ನೇರವಾಗಿ ಹಾರಿ ಕೆಳಗೆ ಇಳಿಯುವ ಮಟ್ಟಕ್ಕೆ ಬಂದಿದ್ದೇನೆ. ಆದರೆ ಹಾರುವುದಕ್ಕಿಂತ ಕಾಯುವುದೇ ಜಾಸ್ತಿಯಾಗಿದೆ. ಒಂದು ದಿನ ಗಾಳಿಯೇ ಇಲ್ಲ ಅಂತಾರೆ, ಇನ್ನೊಂದು ದಿನ ಗಾಳಿ ಸರಿ ಇಲ್ಲ ಅಂತಾರೆ. ಮೊನ್ನೆ ಮಧ್ಯಾಹ್ನ ಒಳ್ಳೆಯ ಬಿಸಿಲಿತ್ತು, ಗಾಳಿಯ ವೇಗ ಅಳೆಯುವ ಮೀಟರ್ ಗಂಟೆಗೆ 15 ಕಿ.ಮೀ. ತೋರಿಸಿತು, ಗಾಳಿ ಎದುರಿನಿಂದಲೇ ಬರುತ್ತಿತ್ತು. ಆದರೂ ಬೋಧಕರು ಬಿಡಲಿಲ್ಲ. ಅದೇ ಹೊತ್ತಿಗೆ ಹಳಬರಿಬ್ಬರು ಮೇಲಿನ ನೆತ್ತಿಯಿಂದ ಹಾರಿದರು. ಸರಿಯಾದ ಗಾಳಿ ಅಂದರೆ ಎಷ್ಟು? ಅದನ್ನು ನಾನೇ ಗುರುತಿಸುವುದು ಹೇಗೆ? ಕಾಯುವಾಗ ಏನು ಮಾಡಬೇಕು?

ಉತ್ತರ: ಮೀಟರ್ 15 ತೋರಿಸಿತು ಎಂದಿದ್ದೀರಿ. ಎಷ್ಟು ಹೊತ್ತು ತೋರಿಸಿತು? ಅದಕ್ಕೆ ಮೊದಲು ಎಷ್ಟಿತ್ತು? ಮುಂದಿನ ಐದು ನಿಮಿಷದಲ್ಲಿ ಎಷ್ಟಕ್ಕೆ ಏರಿತು, ಎಷ್ಟಕ್ಕೆ ಇಳಿಯಿತು? ಇವಕ್ಕೆ ಉತ್ತರ ಇಲ್ಲದಿದ್ದರೆ ಆ 15ರಿಂದ ಏನೂ ತಿಳಿಯುವುದಿಲ್ಲ. ನಿಮ್ಮ ಬೋಧಕರು ನೋಡುತ್ತಿದ್ದದ್ದು ಬಹುಶಃ ಇದನ್ನೇ.

ಕಲಿಯುವವರಿಗೆ ಗಾಳಿಯಲ್ಲಿ ಎಲ್ಲಕ್ಕಿಂತ ಮೊದಲು ಬೇಕಾದದ್ದು ಅದು ಒಂದೇ ಸಮನಾಗಿ ಬೀಸುವುದು. ಆಮೇಲೆ ದಿಕ್ಕು. ವೇಗ ಬರುವುದು ಮೂರನೆಯದಾಗಿ. ಹೊಸಬರು ಇದನ್ನು ಉಲ್ಟಾ ಮಾಡಿಕೊಳ್ಳುತ್ತಾರೆ, ಯಾಕೆಂದರೆ ವೇಗ ಮಾತ್ರ ಮೀಟರಿನಲ್ಲಿ ಅಂಕಿಯಾಗಿ ಕಾಣುತ್ತದೆ. ಉಳಿದ ಎರಡನ್ನು ನಿಂತು, ಹೊತ್ತು ಕೊಟ್ಟು ನೋಡಬೇಕು. ಹಾಗೆ ನೋಡುವುದೇ ನಿಮ್ಮ ತರಬೇತಿಯ ದೊಡ್ಡ ಭಾಗ. ಓಟ, ಹಿಡಿತ, ಇಳಿಯುವುದು ಇವೆಲ್ಲ ಮೈಗೆ ಬೇಗ ಬರುತ್ತವೆ. ಗಾಳಿ ಓದುವುದು ನಿಧಾನ.

ಆದರೂ ನೀವು ಕೇಳಿದ್ದು ಎಷ್ಟು ಅಂತ, ಹಾಗಾಗಿ ವೇಗದಿಂದಲೇ ಶುರು ಮಾಡೋಣ.

ಗ್ಲೈಡರಿಗೆ ನೆಲದ ಲೆಕ್ಕ ಗೊತ್ತಿಲ್ಲ. ತನ್ನ ರೆಕ್ಕೆಯ ಮೇಲೆ ಗಾಳಿ ಎಷ್ಟು ವೇಗವಾಗಿ ಹರಿಯುತ್ತಿದೆ ಅನ್ನುವುದು ಮಾತ್ರ ಗೊತ್ತು. ಕಲಿಯುವವರ ಗ್ಲೈಡರ್ ನಿಮ್ಮನ್ನು ಎತ್ತಿಕೊಳ್ಳಲು ರೆಕ್ಕೆಯ ಮೇಲೆ ಸುಮಾರು 25ರಿಂದ 30 ಕಿ.ಮೀ. ವೇಗದ ಗಾಳಿ ಹರಿಯಬೇಕು. ಗಾಳಿ ಪೂರ್ತಿ ನಿಂತ ದಿನ ಅಷ್ಟನ್ನೂ ನಿಮ್ಮ ಕಾಲೇ ಕೊಡಬೇಕು. ಹೆಗಲ ಮೇಲೆ 25 ಕಿಲೋ ಆಸುಪಾಸಿನ ಗ್ಲೈಡರ್ ಹೊತ್ತು ಇಳಿಜಾರಿನಲ್ಲಿ ಅಷ್ಟು ವೇಗವಾಗಿ ಓಡುವುದು ಆಗದ ಕೆಲಸವಲ್ಲ, ಆದರೆ ಒಂದು ಹೆಜ್ಜೆ ತಪ್ಪಿದರೂ ಮುಗ್ಗರಿಸುತ್ತೀರಿ. 15 ಕಿ.ಮೀ. ಎದುರುಗಾಳಿ ಇದ್ದರೆ ಅರ್ಧ ಕೆಲಸ ಗಾಳಿಯೇ ಮಾಡುತ್ತದೆ. ಉಳಿದದ್ದು ನಿಮ್ಮ ಸಾಧಾರಣ ಓಟ.

ರೈಟ್ ಸಹೋದರರ ಮೊದಲ ಹಾರಾಟದಲ್ಲಿ ಈ ಲೆಕ್ಕ ಎದ್ದು ಕಾಣುತ್ತದೆ. 1903ರ ಡಿಸೆಂಬರ್ 17ರಂದು ಆರ್ವಿಲ್ 12 ಸೆಕೆಂಡಿನಲ್ಲಿ 120 ಅಡಿ ಹಾರಿದ. ನೆಲದ ಲೆಕ್ಕದಲ್ಲಿ ಅದು ಗಂಟೆಗೆ ಬರೀ 11 ಕಿ.ಮೀ. ಪಕ್ಕದಲ್ಲಿ ಒಬ್ಬರು ಓಡಿ ಜೊತೆಗೇ ಹೋಗಬಹುದಾದ ವೇಗ. ಆದರೆ ಎದುರುಗಾಳಿ ಗಂಟೆಗೆ 30 ಕಿ.ಮೀ. ಮೀರಿತ್ತು. ರೆಕ್ಕೆಗೆ ಸಿಕ್ಕಿದ್ದು ಎರಡರ ಮೊತ್ತ. ಅವರು ಕಿಟ್ಟಿ ಹಾಕ್ ಎಂಬ ದೂರದ ಮರಳುದಂಡೆಗೆ ಹೋಗಿದ್ದೇ ಅಲ್ಲಿ ಜೋರಾದ, ತಡೆಯಿಲ್ಲದ ಗಾಳಿ ಸಿಗುತ್ತದೆ ಅಂತ. ಆದರೆ ಅವರ ಗಾಳಿಯನ್ನು ನಿಮ್ಮ ಮಾದರಿ ಮಾಡಿಕೊಳ್ಳಬೇಡಿ. ಅವರಿಗೆ ಎಂಜಿನ್ ಇತ್ತು. ಅದಕ್ಕೂ ಮೊದಲು ಅವರು ಗ್ಲೈಡರುಗಳಲ್ಲಿ ವರ್ಷಗಟ್ಟಲೆ ಪಳಗಿದ್ದರು.

ಗಾಳಿ ಸಹಾಯ ಮಾಡುತ್ತದೆ ಅಂದಮೇಲೆ ಜಾಸ್ತಿ ಗಾಳಿ ಜಾಸ್ತಿ ಸಹಾಯ ಮಾಡಬೇಕಲ್ವಾ? ಇಲ್ಲ. ಗಾಳಿಯ ಒತ್ತಡ ಅದರ ವೇಗದ ವರ್ಗದಂತೆ ಏರುತ್ತದೆ. 10 ಕಿ.ಮೀ. ಗಾಳಿ 20 ಆದರೆ ರೆಕ್ಕೆಯ ಮೇಲಿನ ತಳ್ಳು ಎರಡು ಪಟ್ಟಲ್ಲ, ನಾಲ್ಕು ಪಟ್ಟಾಗುತ್ತದೆ. 30 ಆದರೆ ಒಂಬತ್ತು ಪಟ್ಟು. 10ರಲ್ಲಿ ಹೆಗಲ ಮೇಲೆ ಸುಮ್ನೆ ಕೂತಿದ್ದ ಗ್ಲೈಡರ್ 25ರಲ್ಲಿ ನಿಮ್ಮನ್ನೇ ಎಳೆದಾಡುತ್ತದೆ. ಒಂದು ರೆಕ್ಕೆ ಒಂದು ಗೇಣು ಮೇಲೆದ್ದರೆ ಅದನ್ನು ಕೆಳಗಿಳಿಸಲು ನಿಮ್ಮ ತೋಳಿನ ಶಕ್ತಿ ಸಾಲುವುದಿಲ್ಲ.

ಚಿಕ್ಕ ದಿಬ್ಬದ ಅಭ್ಯಾಸಕ್ಕೆ ಗಂಟೆಗೆ 8ರಿಂದ 16 ಕಿ.ಮೀ. ಒಳ್ಳೆಯ ಗಾಳಿ. ಅದು ನೇರವಾಗಿ ಇಳಿಜಾರನ್ನು ಹತ್ತಿ ಬರಬೇಕು. 18, 19 ಕಿ.ಮೀ. ಹತ್ತಿರ ಬಂದಾಗ ನಾನು ಕಲಿಯುವವರ ಗ್ಲೈಡರುಗಳನ್ನು ಕೆಳಗಿಡಿಸುತ್ತೇನೆ. ಈ ಅಂಕಿಗಳನ್ನು ಬರೆದಿಟ್ಟುಕೊಳ್ಳಿ. ಆದರೆ ಇವು ಒಂದೇ ಸಮನಾದ ಗಾಳಿಗೆ ಹೇಳಿದ ಅಂಕಿಗಳು ಅನ್ನುವುದನ್ನೂ ಪಕ್ಕದಲ್ಲೇ ಬರೆದುಕೊಳ್ಳಿ.

ಒಂದೇ ಸಮ ಇಲ್ಲದಿದ್ದರೆ ಏನಾಗುತ್ತದೆ ಅನ್ನುವುದನ್ನು ಹತ್ತಿರದಿಂದ ನೋಡಿ. ನೀವು ಗ್ಲೈಡರ್ ಹೊತ್ತು ನಿಂತಿದ್ದೀರಿ. ಗಾಳಿ 18 ಇದೆ. ಓಡಲು ಶುರು ಮಾಡಿದಿರಿ, ನಿಮ್ಮ ಓಟ 12 ಕೊಟ್ಟಿತು, ಒಟ್ಟು 30. ಗ್ಲೈಡರ್ ಹೆಗಲಿನಿಂದ ಮೇಲೆದ್ದಿತು, ನಿಮ್ಮನ್ನು ಗ್ಲೈಡರಿಗೆ ತೂಗುಹಾಕುವ ಹಾರ್ನೆಸ್ಸಿನ ಪಟ್ಟಿ ಬಿಗಿಯಾಯಿತು, ಕಾಲು ಹಗುರಾಯಿತು. ಇನ್ನೆರಡು ಹೆಜ್ಜೆಗೆ ನೆಲ ಬಿಡಬೇಕು. ಅಷ್ಟರಲ್ಲಿ ಗಾಳಿ 8ಕ್ಕೆ ಬಿದ್ದಿತು. ಈಗ ರೆಕ್ಕೆಗೆ ಸಿಗುತ್ತಿರುವುದು 20. ರೆಕ್ಕೆ ಹಾರುವುದನ್ನು ನಿಲ್ಲಿಸುತ್ತದೆ. ಹಗುರಾಗಿದ್ದ ಭಾರ ಪೂರ್ತಿ ತಿರುಗಿ ನಿಮ್ಮ ಮೇಲೆ ಬೀಳುತ್ತದೆ, ಅದೂ ನಿಮ್ಮ ಕಾಲು ನೆಲವನ್ನು ಅರ್ಧ ಬಿಟ್ಟಿರುವಾಗ. ಇಷ್ಟೆಲ್ಲ ಎರಡು ಸೆಕೆಂಡಿನಲ್ಲಿ ಮುಗಿದುಹೋಗುತ್ತದೆ.

ತಿರುಗಿಸಿ ನೋಡಿ. ಗಾಳಿ 10 ಇದ್ದಾಗ ಹೊರಟಿರಿ, ನೆಲ ಬಿಟ್ಟ ತಕ್ಷಣ ಅದು 20 ಆಯಿತು. ಗ್ಲೈಡರ್ ನಿಮ್ಮನ್ನು ಜಿಗ್ಗನೆ ಮೇಲಕ್ಕೆತ್ತುತ್ತದೆ, ಮೂತಿ ಮೇಲಾಗುತ್ತದೆ. ಹೆದರಿದ ಕೈ ಬಾರನ್ನು, ಅಂದರೆ ಗ್ಲೈಡರ್ ನಡೆಸಲು ಹಿಡಿಯುವ ಅಡ್ಡಸರಳನ್ನು, ಮುಂದಕ್ಕೆ ತಳ್ಳುತ್ತದೆ. ಹೊಸಬರ ಕೈ ಮಾಡುವುದೇ ಅದನ್ನು. ಮೂತಿ ಇನ್ನೂ ಏರುತ್ತದೆ, ಆ ಹೊತ್ತಿಗೆ ಗಾಳಿಯ ಹೊಡೆತ ಮುಗಿದಿರುತ್ತದೆ. ನೆಲದಿಂದ ಐದು ಮೀಟರ್ ಮೇಲೆ ವೇಗವೇ ಇಲ್ಲದೆ ನಿಂತಿರುತ್ತೀರಿ. ಆಮೇಲೆ ರೆಕ್ಕೆ ಎತ್ತಿಹಿಡಿಯುವುದನ್ನು ನಿಲ್ಲಿಸಿ ಗ್ಲೈಡರ್ ಬೀಳುತ್ತದೆ, ಅದಕ್ಕೆ ಸ್ಟಾಲ್ ಅನ್ನುತ್ತೇವೆ. ಸ್ಟಾಲಿನಿಂದ ಹೊರಬರಲು ಎತ್ತರ ಬೇಕು. ಐದು ಮೀಟರಿನಲ್ಲಿ ಅದು ಇರುವುದಿಲ್ಲ.

ಹಾಗಾಗಿ ನನ್ನ ಅಳತೆ ಇದು. ಹತ್ತು ನಿಮಿಷ ಮೀಟರ್ ಹಿಡಿದು ನಿಲ್ಲಿ. ಆ ಹತ್ತು ನಿಮಿಷದ ಅತಿ ಕಡಿಮೆ ಎಷ್ಟು, ಅತಿ ಹೆಚ್ಚು ಎಷ್ಟು ನೋಡಿ. ನಡುವಿನ ಅಂತರ 8 ಕಿ.ಮೀ.ಗಿಂತ ಜಾಸ್ತಿ ಇದ್ದು, ಗಾಳಿ ಕೆಲವೇ ಸೆಕೆಂಡಿನಲ್ಲಿ ಒಂದರಿಂದ ಇನ್ನೊಂದಕ್ಕೆ ಹಾರುತ್ತಿದ್ದರೆ ಕಲಿಯುವವರು ಕಾಯಬೇಕು, ಸರಾಸರಿ ಎಷ್ಟೇ ಚೆನ್ನಾಗಿರಲಿ. 12ರಿಂದ 16ರ ನಡುವೆ ಓಲಾಡುವ ಗಾಳಿ ನಿಮಗೆ ಒಳ್ಳೆಯದು. 5ರಿಂದ 20ರ ನಡುವೆ ಕುಣಿಯುವ ಗಾಳಿ ಒಳ್ಳೆಯದಲ್ಲ. ಸರಾಸರಿ ತೆಗೆದರೆ ಎರಡೂ ಹೆಚ್ಚುಕಡಿಮೆ ಒಂದೇ. ಗಾಳಿ ಬಂದಾಗ ತೂರಿಕೋ ಅಂತ ನಮ್ಮಲ್ಲಿ ಗಾದೆ ಇದೆ. ಕಣದಲ್ಲಿ ರಾಶಿ ತೂರುವವರನ್ನು ಗಮನಿಸಿದ್ದೀರಾ? ಅವರೂ ಬೀಸಿದ ಗಾಳಿಗೆಲ್ಲ ಮೊರ ಎತ್ತುವುದಿಲ್ಲ. ಗಾಳಿ ಬಿಟ್ಟು ಬಿಟ್ಟು ಬಂದರೆ ಒಮ್ಮೆ ಹೊಟ್ಟು ಕಾಳಿನ ಮೇಲೇ ಬೀಳುತ್ತದೆ, ಇನ್ನೊಮ್ಮೆ ಕಾಳೇ ಹಾರಿಹೋಗುತ್ತದೆ. ಹಿಡಿದು ಬೀಸುವ ಗಾಳಿ ಬರುವ ತನಕ ಕಾಯುತ್ತಾರೆ.

ಇನ್ನು ದಿಕ್ಕು. ಎದುರಿನಿಂದಲೇ ಬರುತ್ತಿತ್ತು ಎಂದಿದ್ದೀರಿ. ಎಷ್ಟು ಎದುರಿನಿಂದ? ಇಳಿಜಾರಿಗೆ ನೇರವಾದ ಗೆರೆಯಿಂದ ಗಾಳಿ 30 ಡಿಗ್ರಿ ಪಕ್ಕಕ್ಕೆ ತಿರುಗಿದ್ದರೆ ಅದರ ಅರ್ಧ ವೇಗ ಅಡ್ಡಕ್ಕೆ ತಳ್ಳುತ್ತಿರುತ್ತದೆ. 15 ಕಿ.ಮೀ. ಗಾಳಿಯಲ್ಲಿ ಏಳೂವರೆ ಕಿ.ಮೀ. ಅಡ್ಡಗಾಳಿ. ಗಾಳಿ ಬರುವ ಕಡೆಯ ರೆಕ್ಕೆ ಏಳುತ್ತದೆ, ಗ್ಲೈಡರ್ ಇನ್ನೊಂದು ಕಡೆ ವಾಲುತ್ತದೆ, ನೀವು ದಿಬ್ಬದ ಉದ್ದಕ್ಕೆ ತಿರುಗಿಬಿಡುತ್ತೀರಿ. ಮೊದಲ ತಿಂಗಳುಗಳಲ್ಲಿ 15 ಡಿಗ್ರಿ ದಾಟಿದ ಗಾಳಿ ಬೇಡ. ಬೆನ್ನಿನ ಕಡೆಯಿಂದ ಬರುವ ಗಾಳಿಯಂತೂ ಎಷ್ಟು ಕಡಿಮೆಯಿದ್ದರೂ ಬೇಡ. ಹಿಂದಿನಿಂದ 5 ಕಿ.ಮೀ. ಬಂದರೆ ನೀವು 30ರ ಬದಲು 35ರಲ್ಲಿ ಓಡಬೇಕು.

ಈ ದಿಕ್ಕಿನ ಕಷ್ಟವನ್ನು ಮೊದಲೇ ಅರಿತಿದ್ದವನು ಜರ್ಮನಿಯ ಓಟೋ ಲಿಲಿಯೆಂಥಾಲ್. ಮನುಷ್ಯ ರೆಕ್ಕೆ ಕಟ್ಟಿಕೊಂಡು ಮತ್ತೆ ಮತ್ತೆ ಹಾರಿ ಇಳಿಯಬಹುದು ಅಂತ ತೋರಿಸಿದ ಮೊದಲಿಗ. ಒಂದೇ ಕಡೆ ಮುಖ ಮಾಡಿದ ಗುಡ್ಡ ಇದ್ದರೆ ಗಾಳಿ ಆ ಕಡೆ ತಿರುಗುವ ತನಕ ಸುಮ್ನೆ ಕೂರಬೇಕಲ್ಲ. ಅದಕ್ಕೆ ಅವನು 1894ರಲ್ಲಿ ಬರ್ಲಿನ್ ಪಕ್ಕದ ಲಿಖ್ಟರ್‌ಫೆಲ್ಡೆಯಲ್ಲಿ ಸುಮಾರು 15 ಮೀಟರ್ ಎತ್ತರದ ಗುಂಡನೆಯ ದಿಬ್ಬವನ್ನೇ ಕಟ್ಟಿಸಿದ. ಗಾಳಿ ಯಾವ ಕಡೆಯಿಂದ ಬಂದರೂ ಅದಕ್ಕೆ ಎದುರಾಗಿ ಓಡಬಹುದಿತ್ತು. ಆ ದಿಬ್ಬ ಇವತ್ತಿಗೂ ಅಲ್ಲಿದೆ. ಕಾಯುವ ಹೊತ್ತನ್ನು ಕಡಿಮೆ ಮಾಡಲು ಇಷ್ಟು ಶ್ರಮಪಟ್ಟ ಮನುಷ್ಯ ಕೂಡ ದಿಕ್ಕಿನ ವಿಷಯದಲ್ಲಿ ರಾಜಿ ಮಾಡಿಕೊಳ್ಳಲಿಲ್ಲ, ದಿಬ್ಬವನ್ನೇ ಬದಲಾಯಿಸಿದ. ಕೊನೆಗೆ ಅವನನ್ನು ಕೊಂದದ್ದು ಗಾಳಿಯ ಏರಿಳಿತ. 1896ರ ಆಗಸ್ಟ್ 9ರಂದು ಬೇರೊಂದು ಗುಡ್ಡದಲ್ಲಿ ಹಾರುತ್ತಿದ್ದಾಗ ಗ್ಲೈಡರ್ ಗಾಳಿಯ ಹೊಡೆತಕ್ಕೆ ಸಿಕ್ಕಿ ಸ್ಟಾಲ್ ಆಗಿ ಬಿದ್ದಿತು. ಮರುದಿನ ಅವನು ತೀರಿಕೊಂಡ. ಸಾವಿರಾರು ಸಲ ಹಾರಿದ್ದ ಅನುಭವಿ ಅವನು.

ದಿಕ್ಕಿನಲ್ಲಿ ಇನ್ನೊಂದು ಮೋಸವಿದೆ. ಇದು ಬಿಸಿಲಿನ ಮಧ್ಯಾಹ್ನದಲ್ಲೇ ಜಾಸ್ತಿ. ಊರಿಗೆಲ್ಲ ಬೀಸುವ ದೊಡ್ಡ ಗಾಳಿ ಗುಡ್ಡದ ಬೆನ್ನಿನ ಕಡೆಯಿಂದ ಬರುತ್ತಿರಬಹುದು. ಆದರೆ ನೀವು ನಿಂತ ಮುಂದಿನ ಇಳಿಜಾರು ಬಿಸಿಲಿಗೆ ಕಾದಿದೆ. ಕಾದ ನೆಲ ಗಾಳಿಯನ್ನು ಕೆಳಗಿನಿಂದ ಮೇಲಕ್ಕೆ ಎಳೆಯುತ್ತದೆ. ನಿಮ್ಮ ಮುಖಕ್ಕೆ ಎದುರುಗಾಳಿ ತಾಗುತ್ತದೆ, ರಿಬ್ಬನ್ ಕೂಡ ಹಾಗೇ ತೋರಿಸುತ್ತದೆ. ಅದನ್ನು ನಂಬಿ ಹೊರಟವರು ಹತ್ತಿಪ್ಪತ್ತು ಮೀಟರ್ ಮೇಲೇರಿದ ಮೇಲೆ ಗುಡ್ಡದ ತುದಿ ದಾಟಿ ಕೆಳಕ್ಕೆ ಸುರಿಯುವ ಗಾಳಿಗೆ ಸಿಕ್ಕುತ್ತಾರೆ. ಅಲ್ಲಿ ಗಾಳಿ ಸುರುಳಿ ಸುತ್ತುತ್ತಿರುತ್ತದೆ. ಅದಕ್ಕೆ ರೋಟರ್ ಅನ್ನುತ್ತಾರೆ. ಅನುಭವಿಗಳಿಗೂ ಅದರಲ್ಲಿ ಗ್ಲೈಡರ್ ಹಿಡಿತಕ್ಕೆ ಸಿಗುವುದಿಲ್ಲ. ಕೆಲವೊಮ್ಮೆ ಆ ಸುರುಳಿಯ ಕೆಳಭಾಗವೇ ನಿಮಗೆ ಎದುರುಗಾಳಿಯಂತೆ ತೋರುವುದೂ ಉಂಟು.

ಇದನ್ನು ಪತ್ತೆ ಹಚ್ಚುವುದು ನಿಂತ ಜಾಗದಲ್ಲಿ ಆಗುವುದಿಲ್ಲ. ಕತ್ತೆತ್ತಿ. ಮೋಡ ಯಾವ ಕಡೆ ಹೋಗುತ್ತಿದೆ? ಮೋಡದ ನೆರಳು ಬಯಲಿನಲ್ಲಿ ಯಾವ ಕಡೆ ಸರಿಯುತ್ತಿದೆ? ದೂರದಲ್ಲಿ ಎಲ್ಲಾದರೂ ಹೊಗೆ ಎದ್ದಿದ್ದರೆ ಅದು ಎತ್ತ ಬಾಗಿದೆ? ಗುಡ್ಡದ ನೆತ್ತಿಗೆ ಹೋಗಿ, ಬೆನ್ನಿನ ಕಡೆಯ ಇಳಿಜಾರಿನಲ್ಲಿ ಹತ್ತು ಹೆಜ್ಜೆ ಇಳಿದು ನೋಡಿ. ಅಲ್ಲೂ ಗಾಳಿ ಮೇಲಕ್ಕೇ ಹತ್ತಿ ಬರುತ್ತಿದ್ದರೆ ಅದು ಎರಡೂ ಕಡೆಯಿಂದ ಹತ್ತುವ ಬಿಸಿಲಿನ ಗಾಳಿ ಇರಬಹುದು, ಬೆನ್ನಿನಿಂದ ಬರುವ ದೊಡ್ಡ ಗಾಳಿಯೂ ಇರಬಹುದು. ಬೆನ್ನಿನ ಕಡೆಯದೇ ಜೋರಾಗಿದ್ದರೆ ಅವತ್ತು ಗ್ಲೈಡರ್ ಬಿಚ್ಚಬೇಡಿ. ದಿಬ್ಬದ ಎದುರಿಗೆ, ಗಾಳಿ ಬರುವ ಕಡೆ ಮರದ ಸಾಲೋ ಕಟ್ಟಡವೋ ಇದ್ದರೆ ಅದನ್ನೂ ಲೆಕ್ಕಕ್ಕೆ ತಗೊಳ್ಳಿ. ಅವುಗಳ ಎತ್ತರದ ಹತ್ತು ಪಟ್ಟು ದೂರದವರೆಗೂ ಗಾಳಿ ಕಲಕಿರುತ್ತದೆ.

ನಿಮ್ಮ ಆ ದಿನದ ಬಗ್ಗೆ ನನ್ನ ಊಹೆ ಹೇಳುತ್ತೇನೆ. ಬಿಸಿಲು, ಮಧ್ಯಾಹ್ನ ಎಂದಿದ್ದೀರಿ. ನೆಲ ಚೆನ್ನಾಗಿ ಕಾದಾಗ ಬಿಸಿಗಾಳಿ ದೊಡ್ಡ ಗುಳ್ಳೆಗಳಾಗಿ ಕಿತ್ತುಕೊಂಡು ಮೇಲೇಳುತ್ತದೆ. ಅದೇ ಥರ್ಮಲ್. ಒಂದೊಂದು ಗುಳ್ಳೆ ಏಳುವಾಗಲೂ ಸುತ್ತಲಿನ ಗಾಳಿ ಆ ಜಾಗಕ್ಕೆ ನುಗ್ಗುತ್ತದೆ. ಗುಳ್ಳೆ ನಿಮ್ಮ ಇಳಿಜಾರನ್ನು ಹತ್ತಿ ಬಂದರೆ ಎದುರುಗಾಳಿ ಜೋರಾಗುತ್ತದೆ. ಅದು ದಾಟಿ ಹೋದ ಮೇಲೆ ಗಾಳಿ ಸತ್ತುಹೋಗುತ್ತದೆ, ಕೆಲವೊಮ್ಮೆ ಹಿಂದಿನಿಂದಲೂ ಬೀಸುತ್ತದೆ. ಪಕ್ಕದಲ್ಲಿ ಎದ್ದರೆ ಗಾಳಿ ಅಡ್ಡಕ್ಕೆ ತಿರುಗುತ್ತದೆ. ಕೆಲವು ನಿಮಿಷಕ್ಕೊಮ್ಮೆ ಈ ಆಟ ನಡೆಯುತ್ತದೆ. ನೀವು ಮೀಟರ್ ನೋಡಿದ ಆ ಗಳಿಗೆಯಲ್ಲಿ 15 ಇದ್ದಿರಬೇಕು. ಬೋಧಕರು ನೋಡಿದ್ದು ಅದರ ಹಿಂದಿನ ಅರ್ಧ ಗಂಟೆಯನ್ನು.

ಹಾಗಾದರೆ ಹಳಬರು ಹೇಗೆ ಹಾರಿದರು? ಅವರು ಬಂದದ್ದೇ ಆ ಥರ್ಮಲ್‌ಗಾಗಿ. ಮೇಲೇಳುವ ಗಾಳಿಯಲ್ಲಿ ಸುತ್ತು ಹಾಕಿ ಎತ್ತರ ಗಳಿಸಿ ಗಂಟೆಗಟ್ಟಲೆ ಹಾರುವುದು ಅವರ ಗುರಿ. ಒಂದು ಸುತ್ತಿನ ಗಾಳಿ ಶುರುವಾಗುವ ಹೊತ್ತನ್ನು ಹಿಡಿದು ಹೊರಡುತ್ತಾರೆ. ನೆಲ ಬಿಟ್ಟ ಕೆಲವೇ ಸೆಕೆಂಡಿನಲ್ಲಿ ಅವರ ಕೆಳಗೆ ತುಂಬಾ ಎತ್ತರ ಇರುತ್ತದೆ. ಅಲ್ಲಿ ಗ್ಲೈಡರ್ ಒಂದು ಕಡೆ ವಾಲಿದರೆ, ಮೂತಿ ಬಿದ್ದರೆ, ಸರಿಮಾಡಿಕೊಳ್ಳಲು ಹೊತ್ತು ಸಿಗುತ್ತದೆ. ನಿಮ್ಮ ಹಾರಾಟ ಪೂರ್ತಿ ನೆಲದಿಂದ ಹತ್ತು ಹದಿನೈದು ಮೀಟರ್ ಒಳಗೇ ನಡೆಯುತ್ತದೆ. ಚಿಕ್ಕ ದಿಬ್ಬ ಅಂದರೆ ಕಡಿಮೆ ಅಪಾಯ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಸಮನಾದ ಗಾಳಿಯಲ್ಲಿ ಅದು ನಿಜ. ಕುಣಿಯುವ ಗಾಳಿಯಲ್ಲಿ ಅದು ನಿಜವಲ್ಲ.

ಹಳಬರು ಹಾರುವಾಗ ಹೊಟ್ಟೆಕಿಚ್ಚು ಪಡಬೇಡಿ, ಅವರ ಗ್ಲೈಡರನ್ನು ನೋಡಿ. ಹೊರಟ ಮೊದಲ ನೂರು ಮೀಟರಿನಲ್ಲಿ ಅದು ನೆಟ್ಟಗೆ ಹೋಯಿತೇ, ಇಲ್ಲ ಒಂದು ರೆಕ್ಕೆ ಎದ್ದು ಇನ್ನೊಂದು ಬಿದ್ದು ಒದ್ದಾಡಿತೇ? ಅವರ ಮೈ ಬಾರಿನ ಮೇಲೆ ಎಡಕ್ಕೆ ಬಲಕ್ಕೆ ಎಷ್ಟು ಸಲ ಓಡಿತು? ಯಾವ ಮೀಟರೂ ಹೇಳದ ಸಂಗತಿ ಅಲ್ಲಿ ಕಾಣುತ್ತದೆ.

ದಿನದಲ್ಲಿ ನಿಮಗೆ ಒಗ್ಗುವ ಹೊತ್ತು ಎರಡು. ಬೆಳಿಗ್ಗೆ ಸೂರ್ಯ ಹುಟ್ಟುವ ಮೊದಲು ತಣ್ಣಗಾದ ಗಾಳಿ ಇಳಿಜಾರಿನಿಂದ ಕೆಳಕ್ಕೆ ಹರಿಯುತ್ತಿರುತ್ತದೆ. ಬಿಸಿಲು ಇಳಿಜಾರಿಗೆ ಬಿದ್ದ ಮೇಲೆ ಅದು ನಿಂತು, ನಿಧಾನವಾಗಿ ಮೇಲಕ್ಕೆ ತಿರುಗುತ್ತದೆ. ಆ ತಿರುವಿನಿಂದ ಥರ್ಮಲ್ ಬಲಿಯುವವರೆಗೆ ಒಂದೆರಡು ಗಂಟೆ ಸಿಗುತ್ತದೆ. ಇನ್ನೊಂದು ಹೊತ್ತು ಸಂಜೆ, ಬಿಸಿಲಿನ ಕಾವು ಇಳಿದ ಮೇಲೆ. ಆಗ ಗಾಳಿ ಮೆತ್ತಗಾಗಿ, ಹಿಡಿದು ಬೀಸುತ್ತದೆ. ಕಡಲ ತೀರದ ದಿಬ್ಬಗಳ ಕಥೆ ಬೇರೆ. ಅಲ್ಲಿ ಗಾಳಿ ತಡೆಯಿಲ್ಲದ, ಒಂದೇ ಸಮ ತಣ್ಣಗಿರುವ ನೀರಿನ ಮೇಲಿಂದ ಬರುತ್ತದೆ. ಹಾಗಾಗಿ ಮಧ್ಯಾಹ್ನವೂ ಸಮನಾಗಿರಬಹುದು. ಆದರೆ ಹೊತ್ತು ಏರಿದಂತೆ ಜೋರೂ ಏರುತ್ತದೆ. ನೀವು ದಿನದ ನಡುಹೊತ್ತಿನಲ್ಲಿ ಬಂದು ಕಾಯುತ್ತಿದ್ದರೆ ಅದು ಗಾಳಿಯ ತಪ್ಪಲ್ಲ. ಬೇಗ ಬನ್ನಿ, ಇಲ್ಲ ಸಂಜೆಯವರೆಗೆ ನಿಲ್ಲುವ ಮನಸ್ಸು ಮಾಡಿ ಬನ್ನಿ.

ಒಂದು ವಿಷಯದಲ್ಲಿ ಮಾತ್ರ ಕಾಯುವ ಪ್ರಶ್ನೆಯೇ ಇಲ್ಲ. ದೂರದಲ್ಲಿ ಮೋಡ ಗೋಪುರದ ಹಾಗೆ ಬೆಳೆದು ತಳ ಕಪ್ಪಾಗಿದ್ದರೆ, ಗುಡುಗು ಕೇಳಿಸಿದರೆ, ಗ್ಲೈಡರ್ ಮಡಚಿ. ಮಳೆಮೋಡದಿಂದ ಕೆಳಕ್ಕೆ ಬಿದ್ದ ತಣ್ಣನೆಯ ಗಾಳಿ ನೆಲದ ಮೇಲೆ ಹರಡಿಕೊಂಡು ಮಳೆಗಿಂತ ಎಷ್ಟೋ ಕಿಲೋಮೀಟರ್ ಮುಂದೆ ಓಡಿ ಬರುತ್ತದೆ. ಅದು ಬರುವ ಮೊದಲು ಗಾಳಿ ಪೂರ್ತಿ ಶಾಂತವಾಗಿರುವುದೂ ಉಂಟು. ಆ ಶಾಂತಿಯನ್ನು ನೋಡಿ ಹೊರಡಬೇಡಿ.

ಈಗ ಓದುವ ಅಭ್ಯಾಸ. ಮೂರು ಕಡ್ಡಿ ನೆಟ್ಟು, ತೆಳುವಾದ ರಿಬ್ಬನ್ ಕಟ್ಟಿ. ಒಂದು ನೀವು ಹೊರಡುವ ಜಾಗದಲ್ಲಿ, ಒಂದು ಇಳಿಜಾರಿನ ನಡುವೆ, ಒಂದು ಇಳಿಯುವ ಬಯಲಿನಲ್ಲಿ. ಮೂರೂ ಒಂದೇ ಕಡೆ ಚಾಚಿದ್ದರೆ ಒಳ್ಳೆಯ ಲಕ್ಷಣ. ಮೇಲಿನದು ಎದುರು, ನಡುವಿನದು ಅಡ್ಡ, ಕೆಳಗಿನದು ಜೋಲು ಬಿದ್ದಿದ್ದರೆ ಏನೋ ನಡೆಯುತ್ತಿದೆ, ಕಾಯಿರಿ. ಮುಖಕ್ಕೆ ಗಾಳಿ ತಾಗಿ ಎಲೆ ಸದ್ದು ಮಾಡಿದರೆ ಗಾಳಿ 6ರಿಂದ 11 ಕಿ.ಮೀ. ಎಲೆ, ಚಿಕ್ಕ ಕಡ್ಡಿ ನಿಲ್ಲದೆ ಅಲ್ಲಾಡುತ್ತಿದ್ದರೆ 12ರಿಂದ 19. ಧೂಳು, ಕಾಗದ ಏಳಲು ಶುರುವಾದರೆ 20 ದಾಟಿದೆ, ನಿಮ್ಮ ಗಾಳಿ ಮುಗಿಯಿತು. ಇದು ಬೋಫರ್ಟ್ ಅಳತೆಯ ಲೆಕ್ಕ. ಮೀಟರ್ ಮರೆತ ದಿನವೂ ಕೈಬಿಡುವುದಿಲ್ಲ.

ನಾನು ಕಲಿಸುವಾಗ ಜಾಸ್ತಿ ಹೊತ್ತು ಕೊಡುವುದು ಹುಲ್ಲಿಗೆ. ಇಳಿಜಾರಿನಲ್ಲಿ ಮೊಣಕಾಲುದ್ದ ಹುಲ್ಲಿದ್ದರೆ ಗಾಳಿ ಬರುವುದು ಕಣ್ಣಿಗೇ ಕಾಣುತ್ತದೆ. ಕೆಳಗೆ ಒಂದು ಕಡೆ ಹುಲ್ಲು ಮಲಗಿ ಬಣ್ಣ ತಿಳಿಯಾಗುತ್ತದೆ. ಆ ತಿಳಿ ಬಣ್ಣ ಪಟ್ಟೆಯಾಗಿ ಮೇಲಕ್ಕೆ ಹತ್ತುತ್ತದೆ. ನಿಮ್ಮ ಹತ್ತಿರದ ರಿಬ್ಬನ್ ಏಳುತ್ತದೆ, ಆಮೇಲೆ ಮುಖಕ್ಕೆ ತಾಗುತ್ತದೆ. ಪಟ್ಟೆ ಕಂಡದ್ದಕ್ಕೂ ಮುಖಕ್ಕೆ ತಾಗಿದ್ದಕ್ಕೂ ನಡುವೆ ಎಷ್ಟು ಸೆಕೆಂಡು ಅಂತ ಬಾಯಲ್ಲೇ ಎಣಿಸಿ. ನೂರು ಮೀಟರ್ ಕೆಳಗೆ ಕಂಡ 15 ಕಿ.ಮೀ. ಗಾಳಿ ನಿಮ್ಮ ಬಳಿ ಬರಲು ಸುಮಾರು 24 ಸೆಕೆಂಡು ಬೇಕು. ನಿಮ್ಮ ಓಟ ಶುರುವಾಗಿ ನೆಲ ಬಿಡುವುದಕ್ಕೆ ಅದಕ್ಕಿಂತ ಎಷ್ಟೋ ಕಡಿಮೆ ಹೊತ್ತು ಸಾಕು. ಅಂದರೆ ನಿಮ್ಮ ಓಟದ ಹೊತ್ತಿನಲ್ಲಿ ಯಾವ ಗಾಳಿ ಇರುತ್ತದೆ ಅನ್ನುವುದನ್ನು ನೀವು ಮೊದಲೇ ನೋಡಬಹುದು. ಹೊಸಬರು ರಿಬ್ಬನ್ ನೋಡಿಕೊಂಡು ಹೊರಡುತ್ತಾರೆ, ಅದು ಈಗಿನ ಗಾಳಿ. ನಿಮಗೆ ಬೇಕಾದದ್ದು ಇನ್ನೂ ಬರಬೇಕಾದ ಗಾಳಿ.

ಇದನ್ನು ಆಟವಾಗಿ ಆಡಿ. ಗ್ಲೈಡರ್ ಇಲ್ಲದೆ ಹೊರಡುವ ಜಾಗದಲ್ಲಿ ನಿಲ್ಲಿ. ಗಾಳಿ ನೋಡಿ, ಸರಿ ಅನ್ನಿಸಿದಾಗ ‘ಈಗ’ ಅಂತ ಜೋರಾಗಿ ಹೇಳಿ. ಹತ್ತು ಸೆಕೆಂಡು ರಿಬ್ಬನ್ ಮತ್ತು ಮೀಟರ್ ನೋಡಿ. ಗಾಳಿ ಸಮನಾಗಿ ಉಳಿಯಿತೇ, ಬಿದ್ದಿತೇ, ತಿರುಗಿತೇ? ಒಂದು ಪುಸ್ತಕದಲ್ಲಿ ಹೊತ್ತು, ನಿಮ್ಮ ಊಹೆ, ಆದದ್ದು ಬರೆಯಿರಿ. ಪಕ್ಕದಲ್ಲಿ ಬೋಧಕರಿದ್ದರೆ ಅವರನ್ನೂ ಆಡಲು ಕರೆಯಿರಿ. ಅವರು ‘ಈಗ’ ಅನ್ನುವ ಹೊತ್ತಿಗೂ ನೀವು ಅನ್ನುವ ಹೊತ್ತಿಗೂ ಎಲ್ಲಿ ವ್ಯತ್ಯಾಸ ಬರುತ್ತದೆ ಅನ್ನುವುದರಲ್ಲಿ ನೀವು ಕಲಿಯುವುದು ಬಹಳ ಇದೆ. ಕಾಯುವ ಒಂದು ಮಧ್ಯಾಹ್ನದಲ್ಲಿ ನೂರಾರು ಸಲ ಹೀಗೆ ಆಡಬಹುದು. ಅಷ್ಟು ಸಲ ನಿಜವಾಗಿ ಹಾರಲು ವರ್ಷಗಳು ಬೇಕು.

ಕಾಯುವಾಗ ಮಾಡುವ ಇನ್ನೊಂದು ಕೆಲಸ ಹಾರ್ನೆಸ್. ಗ್ಲೈಡರಿಗೆ ಕೊಕ್ಕೆ ಹಾಕಿ, ಒಬ್ಬರು ಮೂತಿ ಹಿಡಿದಿರಲಿ, ನೀವು ಪೂರ್ತಿ ಜೋತುಬೀಳಿ. ಬಾರಿನಿಂದ ನಿಮ್ಮ ಎದೆಗೆ ಎಷ್ಟು ಅಂತರ ಇದೆ, ಪಟ್ಟಿ ತಿರುಚಿದೆಯೇ, ಕಾರಬೀನರ್ (ಹಾರ್ನೆಸ್ಸನ್ನು ಗ್ಲೈಡರಿಗೆ ಸೇರಿಸುವ ಲೋಹದ ಕೊಕ್ಕೆ) ಬಿಗಿ ಮಾಡಿದೆಯೇ ನೋಡಿ. ಇದನ್ನು ಒಂದು ಸಲ ನೋಡಿದರೆ ಸಾಲದು. ಗ್ಲೈಡಿಂಗಿನ ಅತಿ ಭೀಕರ ಅಪಘಾತಗಳಲ್ಲಿ ಕೆಲವು ಕೊಕ್ಕೆ ಹಾಕದೆ ಓಡಿದ್ದರಿಂದ ಆದವು. ಅದಕ್ಕೂ ಕಾಯುವುದಕ್ಕೂ ನೇರ ಸಂಬಂಧ ಇದೆ. ಗಂಟೆಗಟ್ಟಲೆ ಕಾದವರು ನಡುವೆ ಕೊಕ್ಕೆ ಬಿಚ್ಚಿ ನೀರು ಕುಡಿಯಲು ಹೋಗುತ್ತಾರೆ. ಅಷ್ಟರಲ್ಲಿ ಯಾರೋ ‘ಗಾಳಿ ಬಂತು’ ಅಂತ ಕೂಗುತ್ತಾರೆ. ಓಡಿ ಬಂದು ಗ್ಲೈಡರ್ ಎತ್ತುತ್ತಾರೆ. ತಲೆಯಲ್ಲಿ ಮಾತ್ರ ಆಗಲೇ ಕೊಕ್ಕೆ ಹಾಕಿ ಆಗಿದೆ. ಆದ್ದರಿಂದ ಓಡುವ ಮುಂಚಿನ ಕೊನೆಯ ಕೆಲಸ ಯಾವಾಗಲೂ ಒಂದೇ. ಗ್ಲೈಡರನ್ನು ಪಟ್ಟಿ ಬಿಗಿಯಾಗುವ ತನಕ ಮೇಲೆತ್ತಿ. ಕಾಲಿನ ಪಟ್ಟಿ ತೊಡೆಯನ್ನು ಎಳೆದದ್ದು ಮೈಗೆ ಗೊತ್ತಾಗಬೇಕು. ಗೊತ್ತಾಗದಿದ್ದರೆ ಹೊರಡಬೇಡಿ.

ಕಾದ ಮೇಲೆ ಬರುವ ಗಾಳಿ ಅಪಾಯದ್ದು ಆಗುವುದು ಹೀಗೆ, ನಮ್ಮ ಮನಸ್ಸಿನಿಂದ. ಇಷ್ಟು ದೂರ ಬಂದಿದ್ದೇವೆ, ಬೆಳಿಗ್ಗೆಯಿಂದ ಕೂತಿದ್ದೇವೆ, ಇವತ್ತು ಒಂದಾದರೂ ಹಾರಬೇಕು ಅನ್ನುವ ಆಸೆ ಸಹಜ. ಆ ಆಸೆ ಹುಟ್ಟಿದ ಮೇಲೆ 20 ಕೂಡ 16ರಂತೆ ಕಾಣುತ್ತದೆ. ಅದಕ್ಕೆ ನಿಮ್ಮ ಗೆರೆಯನ್ನು ದಿಬ್ಬ ಹತ್ತುವ ಮೊದಲೇ ಹಾಕಿಕೊಳ್ಳಿ. ವೇಗ ಇಷ್ಟು, ಅಂತರ ಇಷ್ಟು, ಕೋನ ಇಷ್ಟು ಅಂತ ಚೀಟಿಯಲ್ಲಿ ಬರೆದು ಬೋಧಕರ ಕೈಗೆ ಕೊಡಿ. ಮೇಲೆ ನಿಂತಾಗ ಅದನ್ನು ಕಡಿಮೆ ಮಾಡಬಹುದು, ಜಾಸ್ತಿ ಮಾಡುವಂತಿಲ್ಲ.

ಗಾಳಿ ನಿಜವಾಗಿ ಸರಿಯಾದಾಗಲೂ ಅವಸರ ಬೇಡ. ಗ್ಲೈಡರ್ ಎತ್ತಿ, ರೆಕ್ಕೆ ಸಮ ಮಾಡಿ, ಮೂತಿಯನ್ನು ಬೋಧಕರು ಹೇಳಿದ ಕೋನಕ್ಕೆ ತನ್ನಿ, ಹಿಡಿತ ಸಡಿಲ ಇರಲಿ. ಕಣ್ಣು ದೂರದ ಒಂದು ಗುರುತಿನ ಮೇಲಿರಲಿ. ರೆಕ್ಕೆ ನಿಮ್ಮ ಕೈಯ ಬಲವಿಲ್ಲದೆ ಐದು ಸೆಕೆಂಡು ಸಮನಾಗಿ ನಿಂತರೆ ಹೊರಡಿ. ನಿಲ್ಲದಿದ್ದರೆ ಕೆಳಗಿಡಿ. ಕೆಳಗಿಡಲು ಯಾರ ಒಪ್ಪಿಗೆಯೂ ಬೇಡ. ಹಿಂದೆ ಸಾಲಿನಲ್ಲಿ ಯಾರು ನಿಂತಿದ್ದರೂ ನಿಂತಿರಲಿ. ಹೊರಟ ಮೇಲೆ ಮಾತ್ರ ಅರ್ಧಮನಸ್ಸು ಬೇಡ. ನಡಿಗೆ, ದಾಪುಗಾಲು, ಓಟ, ನೆಲ ಪೂರ್ತಿ ಬಿಡುವ ತನಕ ಓಟ.

ಇಳಿಯುವಾಗ ನೆನಪಿಡಬೇಕಾದ್ದು ಒಂದಿದೆ. ನೆಲದ ಹತ್ತಿರ ಬಂದಂತೆ ಗಾಳಿ ಕಡಿಮೆಯಾಗುತ್ತದೆ. ಹುಲ್ಲು, ಕಲ್ಲು, ಪೊದೆಗಳ ತಡೆಯಿಂದ. ಹತ್ತು ಮೀಟರ್ ಮೇಲೆ 15 ಇದ್ದದ್ದು ಎರಡು ಮೀಟರಿನಲ್ಲಿ 9, 10ಕ್ಕೆ ಇಳಿದಿರಬಹುದು. ಆ ಪದರ ದಾಟುವಾಗ ರೆಕ್ಕೆಗೆ ಸಿಗುವ ಗಾಳಿ ಒಮ್ಮೆಲೇ ತಗ್ಗುತ್ತದೆ. ಹಾಗಾಗಿ ಬಾರನ್ನು ಸ್ವಲ್ಪ ಎಳೆದುಕೊಂಡು, ಬೇಕಾದ್ದಕ್ಕಿಂತ ತುಸು ಜಾಸ್ತಿ ವೇಗ ಇಟ್ಟುಕೊಂಡು ಇಳಿಯಿರಿ.

ಕೊನೆಗೆ ಗಾಳಿಯೇ ಇಲ್ಲದ ದಿನಗಳು. ಅವನ್ನು ವ್ಯರ್ಥ ಅಂದುಕೊಂಡಿದ್ದೀರಿ, ನನಗೆ ಹಾಗೆ ಅನ್ನಿಸುವುದಿಲ್ಲ. ಸಮತಟ್ಟಾದ ಬಯಲಿನಲ್ಲಿ ಗ್ಲೈಡರ್ ಹೊತ್ತು ಓಡಿ. ಹಾರುವುದು ಬೇಡ. ಮೂತಿಯ ಕೋನ ಬದಲಾಗದಂತೆ, ರೆಕ್ಕೆ ವಾಲದಂತೆ ಐವತ್ತು ಹೆಜ್ಜೆ ಓಡುವುದು ಗುರಿ. ಮೂತಿ ಸ್ವಲ್ಪ ಎದ್ದರೂ ಗ್ಲೈಡರ್ ಹಿಂದಕ್ಕೆಳೆಯುತ್ತದೆ, ಸ್ವಲ್ಪ ತಗ್ಗಿದರೂ ಹೆಗಲ ಮೇಲೆ ಕೂರುತ್ತದೆ. ಸರಿಯಾದ ಕೋನದಲ್ಲಿ ಅದು ತಾನೇ ಹಗುರಾಗಿ ಜೊತೆಗೆ ಬರುತ್ತದೆ. ಗಾಳಿ ಸುಳಿಯದ ದಿನ ಮಾತ್ರ ಈ ವ್ಯತ್ಯಾಸ ಇಷ್ಟು ಸ್ಪಷ್ಟವಾಗಿ ಗೊತ್ತಾಗುತ್ತದೆ, ಯಾಕೆಂದರೆ ನಿಮ್ಮ ತಪ್ಪನ್ನು ಮುಚ್ಚಿಹಾಕಲು ಗಾಳಿ ಇರುವುದಿಲ್ಲ. ಓಟದ ಕೊನೆಯಲ್ಲಿ ಕೈಗಳನ್ನು ಒಂದೇ ಸಲಕ್ಕೆ ಪೂರ್ತಿ ಮೇಲಕ್ಕೆ ತಳ್ಳಿ ಗ್ಲೈಡರ್ ನಿಲ್ಲಿಸುವುದನ್ನೂ ಅಭ್ಯಾಸ ಮಾಡಿ. ಅದನ್ನೇ ಫ್ಲೇರ್ ಅನ್ನುತ್ತೇವೆ. ಎದುರುಗಾಳಿ ಇದ್ದಾಗ ಅರೆಬರೆ ಫ್ಲೇರ್ ಕೂಡ ನಡೆಯುತ್ತದೆ. ಗಾಳಿ ಇಲ್ಲದಾಗ ನಡೆಯುವುದಿಲ್ಲ, ಮೂತಿ ನೆಲಕ್ಕೆ ಬಡಿಯುತ್ತದೆ. ಎರಡೂ ಕೈ ಒಟ್ಟಿಗೆ, ತಡಮಾಡದೆ, ಪೂರ್ತಿ ಚಾಚಬೇಕು. ಮೊದಲು ಗ್ಲೈಡರ್ ಇಲ್ಲದೆ ಕೈಗೆ ಆ ಚಲನೆ ಕಲಿಸಿ, ಆಮೇಲೆ ಗ್ಲೈಡರಿನ ಜೊತೆ ನಿಧಾನ ಓಟದಲ್ಲಿ, ಬೋಧಕರು ಪಕ್ಕದಲ್ಲಿರುವಾಗ ಮಾಡಿ.